ಅಯ್ಯನಗುಂಡಿಗೆ ಕಟ್ಟಿದ ಬೇಲಿ

"ಗುಂಡು ಜರುಗೈತೆ ಕಣೋ ಕಾಂತ! ಗುಡುಗು ಅಂದ್ಕಂಡ್ವಿ, ಎದ್ದು ನೋಡುದ್ರೆ ಅದಕ್ಕೂ ಹಿಂದ್ಲ ಬಂಡೆಗೂ ನಡುವೆ ಆಳು ತೂರೋ ಅಷ್ಟು ಸಂದು ಬಿದ್ದೈತೆ. ಮುಂದೆ ಕೋಡಿ ನೀರು, ಹಿಂದೆ ಗುಂಡು. ಮಕ್ಳು ಮರಿ ಕಟ್ಕಂಡು ಎಲ್ಲಿಗ್ಲಾ ಹೋಗಾನ?"

ಇಷ್ಟು ಹೇಳುವಷ್ಟರಲ್ಲಿ ಅಕ್ಕ ಚೆನ್ನಮ್ಮನ ಫೋನು ಕಟ್ಟಾಯಿತು. ಮತ್ತೆ ಎಷ್ಟು ಸಲ ಒತ್ತಿದರೂ ಆ ಕಡೆಯಿಂದ ಸದ್ದಿಲ್ಲ. ತುಮಕೂರಿನ ಬಟವಾಡಿಯ ತನ್ನ ಗ್ಯಾರೇಜಿನಲ್ಲಿ ಕಾಂತೇಶ್ ರಿಸೀವರ್ ಹಿಡಿದುಕೊಂಡೇ ನಿಂತ. ಹೊರಗೆ ಹೆದ್ದಾರಿಯ ಮೇಲೆ ಮಳೆ ಹುಯ್ಯುತ್ತಿತ್ತು. 2005ರ ಆ ಅಕ್ಟೋಬರಿನಲ್ಲಿ ಹಾಳು ಮಳೆಗೆ ನಿಲ್ಲುವುದೇ ಮರೆತುಹೋಗಿತ್ತು.

ಚೆನ್ನಮ್ಮನ ಊರು ಕಲ್ಲುಪಾಳ್ಯ. ಊರ್ಡಿಗೆರೆ ಹೋಬಳಿಯ ಒಂದು ಮೂಲೆಯಲ್ಲಿ, ಹದ್ದಿನಬೆಟ್ಟದ ಬುಡಕ್ಕೆ ಅಂಟಿಕೊಂಡ ಇಪ್ಪತ್ತು ಮೂವತ್ತು ಮನೆ. ಊರ ಮುಂದೆ ಕೆರೆ. ಕೆರೆ ತುಂಬಿ ಕೋಡಿ ಬಿದ್ದರೆ ಊರಿಗಿದ್ದ ಒಂದೇ ರಸ್ತೆ ನೀರಿನ ಪಾಲು. ಆಗ ಉಳಿಯುವ ಒಣ ನೆಲವೆಂದರೆ ಬೆಟ್ಟದ ಬುಡ ಮಾತ್ರ. ಆ ಬುಡಕ್ಕೆ ನೇರವಾಗಿ, ಮೇಲಿನ ಇಳಿಜಾರು ಬಂಡೆಯ ಮೇಲೆ ಕೂತಿರುವುದು ಅಯ್ಯನಗುಂಡು. ಲೋಡು ತುಂಬಿದ ಲಾರಿಯಷ್ಟು ದೊಡ್ಡ ಕಲ್ಲು. ಮುತ್ತಜ್ಜನ ಕಾಲದಿಂದ ಕೂತಿದೆ, ಬೀಳುವುದಿದ್ದರೆ ಯಾವತ್ತೋ ಬೀಳುತ್ತಿತ್ತು ಎಂದು ಊರವರು ಅದರ ಕೆಳಗೆ ಹಾಯಾಗಿ ಮಲಗುತ್ತಿದ್ದರು.

ಅಗ್ನಿಶಾಮಕದವರಿಗೆ ಫೋನು ಮಾಡಿದರೆ, ದೋಣಿಗಳೆಲ್ಲ ಗುಬ್ಬಿ ಕಡೆ ಹೋಗಿವೆ, ಮಿಕ್ಕವರು ಕುಣಿಗಲ್ ರಸ್ತೆಯಲ್ಲಿ ನೀರಿಗೆ ಸಿಕ್ಕ ಬಸ್ಸಿನ ಹತ್ತಿರ ಇದ್ದಾರೆ, ಯಾರು ಮೊದಲು ಬಂದರೂ ಕಳಿಸುತ್ತೇವೆ ಎಂದರು. ಪಾಪ, ಅವರಾದರೂ ಏನು ಮಾಡಿಯಾರು!

ಕಾಂತೇಶನ ಕಸುಬೇ ಬಿದ್ದದ್ದನ್ನು ಎತ್ತುವುದು. ಹೆದ್ದಾರಿಯಲ್ಲಿ ಲಾರಿ ಪಲ್ಟಿಯಾದರೆ, ಬಸ್ಸು ಹಳ್ಳಕ್ಕೆ ಇಳಿದರೆ ಮೊದಲ ಫೋನು ಅವನಿಗೇ ಬರುತ್ತಿತ್ತು. ಉಕ್ಕಿನ ವೈರ್ ರೋಪು, ಜಾಕಿ, ಭಾರ ಎಳೆಯುವ ಚೈನ್ ಬ್ಲಾಕು, ಇವೇ ಅವನ ಬಂಡವಾಳ. ಆದರೆ ಇನ್ನೂ ಬೀಳದ್ದನ್ನು ಹಿಡಿದು ನಿಲ್ಲಿಸುವುದು ಅವನು ಯಾವತ್ತೂ ಮಾಡಿದ ಕೆಲಸವಲ್ಲ. ಅದನ್ನು ಬಲ್ಲವರು ಯಾರಿದ್ದಾರೆ ಎಂದು ತಲೆ ಕೆರೆದುಕೊಂಡಾಗ ನೆನಪಾದದ್ದು ಸದಾಶಿವನಗರದ ದಯಾನಂದ. ಕಾಲೇಜೊಂದರಲ್ಲಿ ಪಿ.ಟಿ. ಮೇಷ್ಟ್ರು, ಬಂಡೆ ಹತ್ತುವ ಹುಚ್ಚು. ಎಡಗೈಯ ಎರಡು ಬೆರಳನ್ನು ಹಿಮಾಲಯದ ಚಳಿಗೆ ಕೊಟ್ಟು ಬಂದವರು.

ದಯಾನಂದ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಗುಂಡು ಕೂತಿರೋ ಬಂಡೆ ಮೇಲೆ ಮನುಷ್ಯ ನಿಲ್ಲೋಕಾಗುತ್ತಾ?"

"ನಿಲ್ಲಬಹುದು ಸರ್. ಒದ್ದೆ ಆದ್ರೆ ಸ್ವಲ್ಪ ಜಾರುತ್ತೆ."

"ಹಾಗಿದ್ರೆ ಆಸೆ ಇದೆ. ಹಿಮಾಚಲದಲ್ಲಿ ನಾನಿದ್ದ ಊರಿನ ಮೇಲೂ ಹಿಂಗೇ ಹಿಮದ ರಾಶಿ. ಜಾರಿ ಬಂದು ಮನೆ ಮನೆ ನುಂಗೋದು. ಆಮೇಲೆ ಬೇಲಿ ಹಾಕಿದ್ರು. ಊರ ಹತ್ರ ಅಲ್ಲ, ಮೇಲೆ, ಹಿಮ ಜಾರೋಕೆ ಶುರುವಾಗೋ ಜಾಗದಲ್ಲೇ. ಶುರುವಿನಲ್ಲೇ ತಡೆದ್ರೆ ಹಗ್ಗ ಸಾಕು ಕಾಂತೇಶ್. ಒಂದ್ಸಲ ಜಾರ್ತು ಅಂದ್ರೆ ಯಾರ ಕೈಲೂ ಆಗಲ್ಲ."

"ಅಂದ್ರೆ ಗುಂಡಿನ ಮೂತಿಗೇ ಬೇಲಿ?"

"ಮೂತಿಗೇ. ಇವತ್ತೇ."

ದಯಾನಂದರ ಹಳೇ ಶಿಷ್ಯೆ ಮಂಜುಶ್ರೀ ಗುಬ್ಬಿಯಲ್ಲಿ ಶಾಲಾ ಟೀಚರ್. ಮಳೆಗೆ ಶಾಲೆಗೆ ರಜಾ ಕೊಟ್ಟದ್ದರಿಂದ ತುಮಕೂರಿನಲ್ಲೇ ಇದ್ದಳು. ಹೇಳಿ ಕಳಿಸಿದ್ದೇ ತಡ, ಸೀರೆ ಬಿಟ್ಟು ಚೂಡಿದಾರ್ ತೊಟ್ಟು, ಹೆಗಲಿಗೆ ಹಗ್ಗ ಹಾಕಿಕೊಂಡು ಬಂದುಬಿಟ್ಟಳು. ಮೂವರೂ ಕಾಂತೇಶನ ವ್ಯಾನಿನಲ್ಲಿ ಹದ್ದಿನಬೆಟ್ಟದ ಬೆನ್ನಿನ ಕಡೆಗೆ ಹೊರಟರು. ಮುಂದಿನಿಂದ ಊರಿಗೆ ದಾರಿಯಿಲ್ಲ. ಹಿಂದಿನಿಂದ ಹತ್ತಿ, ನೆತ್ತಿ ದಾಟಿ, ಗುಂಡಿನ ಮೇಲಕ್ಕೇ ಇಳಿಯಬೇಕು.

ಬೆಟ್ಟದ ಬೆನ್ನಿನಲ್ಲಿ ಪೂಜಾರಿ ಕದರಯ್ಯನ ಗುಡಿಸಲು. ಗುಂಡಿನ ಪಕ್ಕದ ಬೆಟ್ಟದಯ್ಯನ ಗುಡಿಗೆ ಅವನೇ ಪೂಜಾರಿ. ಭಕ್ತರು ಊರಿನ ಕಡೆಯಿಂದ ಹತ್ತಿದರೂ ಅವನಿಗೆ ಈ ಕಡೆಯ ದಾರಿಯೂ ಗೊತ್ತು. ಅರವತ್ತು ದಾಟಿದ್ದರೂ ಮೈಯಲ್ಲಿ ಒಂದು ಗುಂಜಿ ಮಾಂಸ ಹೆಚ್ಚಿಲ್ಲದ ಮನುಷ್ಯ.

"ಅಯ್ಯ ಜರುಗವ್ನಾ? ಬಾಯಿ ಮುಚ್ಲಾ ಕಾಂತ," ಎಂದು ಗದರಿದ. "ಅವನು ಯಾಕ್ಲಾ ಜರುಗ್ತಾನೆ? ಬತ್ತೀನಿ ನಡೀರಿ, ನಾನೇ ತೋರುಸ್ತೀನಿ."

ಮೂರು ಸುರುಳಿ ವೈರ್ ರೋಪು. ಒಂದೊಂದನ್ನೂ ಒಬ್ಬೊಬ್ಬರು ಹೊತ್ತರೆ ಬೆನ್ನು ಮುರಿಯುವಷ್ಟು ಭಾರ. ಅದರ ಮೇಲೆ ಚೈನ್ ಬ್ಲಾಕು, ಜಾಕಿ, ಸಮ್ಮಟಿಗೆ, ಉಳಿ, ಕಬ್ಬಿಣದ ಗೂಟ. ಬೇಲಿಗಂಟಿ ಪೊದೆ ಬಟ್ಟೆ ಹಿಡಿದು ಎಳೆಯುತ್ತಿತ್ತು. ಕಾಲಿಟ್ಟಲ್ಲಿ ಮಣ್ಣು ಕುಸಿಯುತ್ತಿತ್ತು. ಒಂದು ಗವಿಯ ಬಾಯಲ್ಲಿ ಕರಡಿಯ ವಾಸನೆ ಗಪ್ಪೆಂದು ಹೊಡೆಯಿತು. ಕದರಯ್ಯ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಒಳಗೆ ಏನೋ ಉಸಿರು ಬಿಟ್ಟಿತು. ಆ ಮಳೆಯಲ್ಲಿ ಕರಡಿಗೂ ಹೊರಗೆ ಬರುವ ಮನಸ್ಸಿರಲಿಲ್ಲವೇನೋ, ನಾಲ್ವರೂ ತುದಿಗಾಲಿನಲ್ಲಿ ದಾಟಿಕೊಂಡರು.

ಆಮೇಲೆ ಬಂತು ನುಣುಪು ಬಂಡೆ. ಮನೆ ಗೋಡೆಯ ಹಾಗೆ ಎದ್ದು ನಿಂತದ್ದು, ಮೇಲಿನಿಂದ ಕೆಳಗಿನವರೆಗೂ ನೀರು ಹರಿಯುತ್ತಿದ್ದದ್ದು. ಮಂಜುಶ್ರೀ ಚಪ್ಪಲಿ ಬಿಟ್ಟಳು. ಬೆರಳ ತುದಿ ಹಿಡಿಯುವ ಬಿರುಕು ಹುಡುಕುತ್ತಾ, ಬಂಡೆಗೆ ಕೆನ್ನೆ ಒತ್ತಿ ಹತ್ತಿದಳು. ನಡುವೆ ಒಂದು ಕಾಲು ಜಾರಿತು. ಅವಳು ತೂಗಾಡಿ, ಹಿಡಿದು, ಮೇಲೆ ಹೋಗಿ ಕಲ್ಲತ್ತಿ ಮರಕ್ಕೆ ಹಗ್ಗ ಬಿಗಿದಳು.

ಒಂದೊಂದೇ ಸುರುಳಿಯನ್ನು ಮೇಲಕ್ಕೆ ಎಳೆಯಬೇಕು. ಮೊದಲೆರಡಕ್ಕೆ ದಯಾನಂದರೇ ಗಂಟು ಹಾಕಿದರು. ಮೂರನೆಯದಕ್ಕೆ ಕಾಂತೇಶ್ ಕೈ ಹಾಕಿದ.

"ಯಾವ ಗಂಟು ಅದು?"

"ಲಾರಿ ಗಂಟು ಸರ್. ಟಾರ್ಪಾಲಿಗೆ ಹಾಕೋದು. ಇದನ್ನ ಬಿಗಿದು ಡೆಲ್ಲಿವರೆಗೂ ಲೋಡು ಕಳಿಸಿದೀನಿ."

"ಬೇಡ, ಬಿಚ್ಚಿ ನಾನು ಹಾಕ್ತೀನಿ."

"ಟೈಮಿಲ್ಲ ಸರ್, ಎಳೀರಿ!"

ಲಾರಿ ಗಂಟು ಎಳೆತ ಇರುವವರೆಗೆ ಕಬ್ಬಿಣ. ಸಡಿಲ ಬಿಟ್ಟರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಲಾರಿಯವರಿಗೆ ಅದು ಇಷ್ಟ. ಸುರುಳಿ ನಡುದಾರಿಯಲ್ಲಿ ಒಂದು ಮೆಟ್ಟಿಲಿನಂಥ ಮುಂಚಾಚಿಗೆ ತಾಗಿ ಕೂತಿತು. ಹಗ್ಗ ಒಂದು ಕ್ಷಣ ಸಡಿಲವಾಯಿತು. ಅಷ್ಟೇ. ಉಕ್ಕಿನ ಸುರುಳಿ ಕಾಂತೇಶನ ಕಿವಿಯ ಪಕ್ಕವೇ ಹಾದು ಕೊರಕಲಿಗೆ ಬಿತ್ತು. ಬಿದ್ದ ಸದ್ದು ಕೇಳಿಸಲು ಬಹಳ ಹೊತ್ತು ಹಿಡಿಯಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. "ಮೂರು ಸಾಲು ಬೇಕಿತ್ತು," ಎಂದಷ್ಟೇ ಹೇಳಿ ದಯಾನಂದ ಹತ್ತತೊಡಗಿದರು. ಕಾಂತೇಶನಿಗೆ ತನ್ನ ಕೈಯನ್ನು ತಾನೇ ಕಡಿದುಕೊಳ್ಳುವಷ್ಟು ನಾಚಿಕೆಯಾಯಿತು.

ನೆತ್ತಿ ಮುಟ್ಟಿದಾಗ ಮಳೆ ಸ್ವಲ್ಪ ಹೊತ್ತು ಬಿಟ್ಟಿತು. ಎಂಥಾ ನೋಟ! ಮೋಡ ಹರಿದ ಕಡೆಯಲ್ಲೆಲ್ಲ ಕೆರೆಗಳು ಕಾಣುತ್ತಿದ್ದವು. ಒಂದೊಂದೂ ಕೆಂಪಗೆ ತುಂಬಿ ತುಳುಕುತ್ತಿತ್ತು. ಅಲ್ಲೊಂದು ಇಲ್ಲೊಂದು ತೆಂಗಿನ ತಲೆಗಳು ನೀರಿನ ಮೇಲೆ ತೇಲುತ್ತಿದ್ದ ಹಾಗಿದ್ದವು. ದೂರದಲ್ಲಿ ತುಮಕೂರಿನ ಕಟ್ಟಡಗಳು ಮಸುಕಾಗಿದ್ದವು. ನಿತ್ಯ ಒಣಗಿ ಬಾಯಿ ಬಿಡುತ್ತಿದ್ದ ಸೀಮೆ ಅದು, ಇವತ್ತು ಹಸಿರೆಂದರೆ ಹಸಿರು. ನೋಡುತ್ತಾ ನಿಂತರೆ ಕಣ್ಣಿಗೆ ಹಬ್ಬ. ಆದರೆ ಕಾಂತೇಶನ ಕಣ್ಣು ನೇರ ಕೆಳಗೆ ಹೋಯಿತು. ಕಲ್ಲುಪಾಳ್ಯದ ಹೆಂಚುಗಳು ಕಂಡವು. ಸಾಲಿನ ತುದಿಯಲ್ಲಿ, ಬೆಟ್ಟಕ್ಕೆ ಎಲ್ಲರಿಗಿಂತ ಹತ್ತಿರವಾಗಿ, ನೀಲಿ ಬಾಗಿಲಿನ ಮನೆ ಅಕ್ಕನದು. ಆಶ್ರಯ ಯೋಜನೆಯಲ್ಲಿ ಬಂದ ಮನೆ. ಅಂಗಳದಲ್ಲಿ ಸೀಮೆಹಸು ಕಟ್ಟಿತ್ತು. ಅದರ ಮೇಲೆ ನೇರವಾಗಿ ಅಯ್ಯನಗುಂಡು ಮುಂದಕ್ಕೆ ವಾಲಿಕೊಂಡು ಕೂತಿತ್ತು.

ಗುಂಡಿನ ಹತ್ತಿರ ಇಳಿದು ದಯಾನಂದ ಮಂಡಿಯೂರಿ ಅದರ ಅಡಿಗೆ ಟಾರ್ಚು ಬಿಟ್ಟರು. ಬಹಳ ಹೊತ್ತು ನೋಡಿದರು.

"ಇದರ ಅಡಿ ಟೊಳ್ಳಾಗಿದೆ. ಮುಂದಿನ ತುಟಿ ಕೆಳಗೆ ಆಸರೆಗೆ ಕಲ್ಲು ಇರ್ಬೇಕಿತ್ತಲ್ಲ? ಯಾರು ತೆಗೆದ್ರು?"

ಮಂಜುಶ್ರೀ ಗುಡಿಯ ಮುಂದಿನ ಬಯಲು ಬಂಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದರ ಮೇಲೊಂದು ಪೇರಿಸಿದ ಕಲ್ಲುಗಳು. ಮೊಳದುದ್ದದವು, ಗೇಣುದ್ದದವು, ನೂರಾರು. ಸ್ವಂತ ಮನೆ ಆಗಲಿ ಎಂದು ಹರಕೆ ಹೊತ್ತವರು ಕಟ್ಟಿದ ಕಲ್ಲುಮನೆಗಳು. ಬೆಟ್ಟದ ದೇವರಿರುವ ಕಡೆಯಲ್ಲೆಲ್ಲ ಇದು ಇದ್ದದ್ದೇ. ಆದರೆ ಇಲ್ಲಿಯ ಕಲ್ಲುಗಳು ಬಯಲಿನವಲ್ಲ. ಎಲ್ಲವೂ ಗುಂಡಿನ ಅಡಿಯ ಕಂದು ಬಣ್ಣದವು.

ಕದರಯ್ಯನ ಮುಖ ಬೂದಿಯಾಯಿತು.

"ನಾನೇ ಹೇಳ್ತಿದ್ದೆ," ಎಂದ. "ಅಯ್ಯನ ನೆಳ್ಳಾಗಿರೋ ಕಲ್ಲು ತಂದು ಕಟ್ರವ್ವ, ಬೇಗ ಫಲ ಕೊಡ್ತದೆ ಅಂತ. ಇಪ್ಪತ್ತು ವರ್ಷದಿಂದ ಹೇಳ್ತಿದೀನಿ. ಅಡಿಯಿಂದ ಕಿತ್ತು ತಂದ್ರು. ನಾನೂ ಕಿತ್ತು ಕೊಟ್ಟೆ."

"ಭೇಷ್!" ಎಂದ ಕಾಂತೇಶ್, ಹಲ್ಲು ಕಡಿದು. "ಊರಿಗೆ ಊರನ್ನೇ ತೆಗೆಯೋಕೆ ನೀನೊಬ್ಬ ಸಾಕಿತ್ತಲ್ಲ ಪೂಜಾರಪ್ಪ."

"ಜಗಳ ಆಮೇಲೆ," ಎಂದರು ದಯಾನಂದ. "ತೆಗೆದ ಕಲ್ಲು ಮತ್ತೆ ಅಡಿಗೆ ಹೋಗ್ಬೇಕು. ಇದೇ ಕಲ್ಲುಗಳು. ಅಳತೆ ಸರಿಯಾಗಿರೋದು ಇವೇ. ಜೊತೆಗೆ ಬೇಲಿ."

ಕದರಯ್ಯ ಓಡಿ ಹೋಗಿ ಕಲ್ಲುಮನೆಗಳ ಮುಂದೆ ಕೈ ಚಾಚಿ ನಿಂತ. "ಮುಟ್ಟಬ್ಯಾಡ್ರಿ! ಒಂದೊಂದೂ ಒಬ್ಬೊಬ್ರ ಮನೆ ಸ್ವಾಮಿ. ಇದನ್ನ ಕೆಡವುದ್ರೆ ಅವ್ರ ಮನೆ ಕೆಡವ್ದಂಗೆ. ಆ ಪಾಪ ನಾನು ಹೊರಕಿಲ್ಲ."

ಅಷ್ಟರಲ್ಲಿ ಮಳೆ ಮತ್ತೆ ಸುರಿಯತೊಡಗಿತು. ಗುಂಡಿನ ಅಡಿಯಿಂದ ಕಟಕ್ಕೆಂದು ಸದ್ದು ಬಂತು. ಚೂರು ಪುಡಿ ಉದುರಿತು.

ಎಡಕ್ಕೆ ಬೆಟ್ಟಕ್ಕೇ ಬೇರು ಬಿಟ್ಟಂಥ ನಿಲುಬಂಡೆಯೊಂದಿತ್ತು. ಬೇಲಿಯ ಒಂದು ತುದಿಯನ್ನು ಅದಕ್ಕೆ ಸುತ್ತಬಹುದು. ಬಲಕ್ಕೆ ಬರೀ ಹಾಸುಬಂಡೆ. ಅಲ್ಲಿ ಗೂಟಕ್ಕೆ ತೂತು ಕೊರೆಯಲೇಬೇಕು. ಮಂಜುಶ್ರೀ ಉಳಿ ಹಿಡಿದಳು. ಕಾಂತೇಶ್ ಸಮ್ಮಟಿಗೆ ಬೀಸಿದ. ಹೊಡೆತಕ್ಕೆ ಒಂದು ಚಿಟಿಕೆ ಪುಡಿ. ನಮ್ಮ ಕಡೆ ಕರಿಕಲ್ಲು ಅಂದರೆ ಸುಮ್ಮನೆಯೇ! ಅಂಗೈ ಬೊಬ್ಬೆ ಎದ್ದು, ಒಡೆದು, ಹಿಡಿಯೆಲ್ಲ ಅಂಟು ಅಂಟಾಯಿತು. ಮೊದಲ ಗೂಟ ಕೂತಿತು. ಮೊದಲ ರೋಪು ಗುಂಡಿನ ಮೂತಿಗೆ ಅಡ್ಡಲಾಗಿ ಬಂತು. ಚೈನ್ ಬ್ಲಾಕಿನಿಂದ ಎಳೆದು, ಸಡಿಲವಾಗದಂತೆ ರೋಪಿಗೆ ಕ್ಲಾಂಪು ಬಿಗಿದರು. ಎರಡನೆಯ ಗೂಟ ಅರ್ಧಕ್ಕೆ ಬಂದಾಗ ಕೆಳಗಿನಿಂದ ಯಾರೋ ಏದುಸಿರು ಬಿಡುತ್ತಾ ಹತ್ತಿ ಬರುವುದು ಕೇಳಿಸಿತು.

ಚೆನ್ನಮ್ಮ! ಸೀರೆ ಮಂಡಿಗೆ ಕಟ್ಟಿ, ಗುಂಡು ಉರುಳಿದರೆ ಬರುವ ದಾರಿಯಲ್ಲೇ ನೇರವಾಗಿ ಹತ್ತಿ ಬಂದಿದ್ದಳು.

"ನಿಂಗೇನಕ್ಕ ತಲೆ ಕೆಟ್ಟಿದ್ಯಾ? ಮಕ್ಳೆಲ್ಲಿ?"

"ನಿಂಗಮ್ಮನ ಮನೇಲಿ ಬುಟ್ಟಿದೀನಿ, ಊರ ಆ ತುದೀಲಿ. ಸುತ್ತಿಗೆ ಸದ್ದು ಕೇಳ್ತು. ನನ್ನ ತಮ್ಮ ಬಂದವ್ನೆ ಅಂದೆ, ಬಂದೆ. ನಾನೇನ್ ಮಾಡ್ಬೇಕು ಹೇಳು."

ಕಾಂತೇಶ್ ಕಲ್ಲುಮನೆಗಳನ್ನು ತೋರಿಸಿ ಹೇಳಿದ. ಸುತ್ತಿ ಬಳಸದೆ ಹೇಳಿದ. ಚೆನ್ನಮ್ಮ ಕೇಳುತ್ತಾ ಕೇಳುತ್ತಾ ಕುಕ್ಕರಗಾಲಲ್ಲಿ ಕೂತಳು. ಅವಳ ಕಲ್ಲುಮನೆಯೂ ಅಲ್ಲೇ ಇತ್ತು, ಗುಡಿಯ ಮೆಟ್ಟಿಲ ಪಕ್ಕ. ಗಂಡ ಸತ್ತ ವರ್ಷ, ಎರಡು ಮಕ್ಕಳನ್ನು ಸೊಂಟಕ್ಕೊಂದು ಕೈಗೊಂದು ಹಿಡಿದು ಬಂದು ಕಟ್ಟಿದ್ದಳು. ಮಾರನೇ ವರ್ಷ ಆಶ್ರಯ ಮನೆ ಬಂತು. ಪ್ರತಿ ಶ್ರಾವಣಕ್ಕೆ ಬಂದು ಅದಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದಳು. ಯಾರ ಪುಣ್ಯದಿಂದ ಬಂದ ಮನೆ ಅಂದರೆ ಈ ಏಳು ಕಲ್ಲಿನ ಪುಣ್ಯ ಎನ್ನುತ್ತಿದ್ದಳು.

"ಇದನ್ನ ಕೆಡವಿದ್ರೆ ಏನಾಯ್ತದೆ ಪೂಜಾರಪ್ಪ?"

"ನಿನ್ ಮನೆ ಉಳಿಯಕಿಲ್ಲ ಕಣವ್ವ," ಎಂದ ಕದರಯ್ಯ. ಸುಳ್ಳು ಹೇಳಲು ಅವನಿಗೆ ಬರಲಿಲ್ಲ.

ಒಮ್ಮೆ ಕೆಳಗೆ ನೀಲಿ ಬಾಗಿಲನ್ನು ನೋಡಿದಳು. ಊರ ಮಿಕ್ಕ ಹೆಂಚುಗಳನ್ನೂ ನೋಡಿದಳು. ಆಮೇಲೆ ಮೇಲಿನ ಕಲ್ಲನ್ನು ಎತ್ತಿ ತಮ್ಮನ ಕೈಗೆ ಇಟ್ಟಳು. "ತಗಾ. ನಂದು ಮೊದ್ಲು ಹೋಗ್ಲಿ. ಬೇಗ ತಗಾ, ಮನ್ಸು ಬದ್ಲಾದೀತು."

ಅದನ್ನು ನೋಡಿ ಕದರಯ್ಯನ ಚಾಚಿದ ಕೈ ಇಳಿಯಿತು. ಮೂಗು ಒರೆಸಿಕೊಂಡ. ಆಮೇಲೆ ತಾನೇ ಬಾಗಿ ಒಂದೊಂದಾಗಿ ಕೆಡವತೊಡಗಿದ. ಸುಮ್ಮನೆ ಕೆಡವಲಿಲ್ಲ. ಒಂದೊಂದಕ್ಕೂ ಕೈ ಮುಗಿದು ಹೇಳುತ್ತಾ ಕೆಡವಿದ. "ಇದು ಗುಬ್ಬಿ ನರ್ಸಮ್ಮಂದು. ತಪ್ಪಾಯ್ತು ತಾಯಿ. ಇದು ಕುಣಿಗಲ್ ಡ್ರೈವರಂದು, ಸೈಟು ತಗಂಡವ್ನೆ ಪಾಪ. ಇದು ಬಟವಾಡಿ ಇಡ್ಲಿ ಹೋಟ್ಲು ಗುಂಡಯ್ಯಂದು. ಇದು ಮದುವೆ ಆಗದ ಆ ಊರ್ಡಿಗೆರೆ ಮೇಷ್ಟ್ರುದು. ತಪ್ಪಾಯ್ತು, ತಪ್ಪಾಯ್ತು." ನೂರಾರು ಮಂದಿಯ ಹೆಸರು, ಊರು, ಆಸೆ ಅವನ ಬಾಯಲ್ಲಿತ್ತು. ಚೆನ್ನಮ್ಮ ಮಡಿಲಲ್ಲಿ ಹೊತ್ತು ತಂದು ಗುಂಡಿನ ಮುಂದೆ ಸುರಿದಳು.

ತುಟಿಯ ಕೆಳಗೆ ಕಲ್ಲು ತುಂಬುವುದು ಸುಲಭವಿತ್ತು. ಒಳಗಿನ ಟೊಳ್ಳಿಗೆ ಯಾರಾದರೂ ತೂರಬೇಕು. ಕಾಂತೇಶನ ಹೊಟ್ಟೆ ಹಿಡಿಸಲಿಲ್ಲ. ದಯಾನಂದರ ಹೆಗಲು ಹಿಡಿಸಲಿಲ್ಲ. ಮಂಜುಶ್ರೀ ಮುಂದೆ ಬಂದಳು. ಕದರಯ್ಯ ಅವಳ ರಟ್ಟೆ ಹಿಡಿದು ಹಿಂದಕ್ಕೆ ದೂಡಿದ.

"ಕಿತ್ತೋನು ನಾನು. ನೀ ಯಾಕವ್ವ ಹೋಗ್ತೀಯ?"

ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದ. ಚೆನ್ನಮ್ಮನ ಕಲ್ಲುಮನೆಯ ದೊಡ್ಡ ಕಲ್ಲನ್ನು ಒಳಗೆ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದ. ಇನ್ನೊಂದು. ಮತ್ತೊಂದು. ಬಲಗೈಯಲ್ಲಿ ಕಲ್ಲನ್ನು ಒತ್ತಿ ಹಿಡಿದಿದ್ದಾಗ ಗುಂಡು ಇನ್ನಷ್ಟು ಕೆಳಗೆ ಕೂತಿತು. ಬೆರಳಿನಗಲ ಕೂತಿತು, ಅಷ್ಟೇ.

ಒಳಗಿನಿಂದ ಬಂದ ಕೂಗು ಮನುಷ್ಯನದು ಅನ್ನಿಸಲಿಲ್ಲ.

ದಯಾನಂದ ಬೋರಲು ಮಲಗಿ ಟಾರ್ಚು ಬಿಟ್ಟರು. ಎದ್ದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. "ಬಲಗೈ ಸಿಕ್ಕಿದೆ. ಕಲ್ಲಿಗೂ ಗುಂಡಿಗೂ ನಡುವೆ."

ಕಾಂತೇಶ್ ಜಾಕಿಗೆ ಓಡಿದ. ತುಟಿಯ ಕೆಳಗೆ ಇಟ್ಟೂ ಬಿಟ್ಟ. ದಯಾನಂದ ಅವನ ಕೈ ಹಿಡಿದರು.

"ಜಾಕಿ ಎತ್ತಿದ್ರೆ ಕಲ್ಲುಗಳ ಹಿಡಿತ ಬಿಡುತ್ತೆ. ಗುಂಡು ಜಾರುತ್ತೆ. ಒಂದೇ ರೋಪು ಕಟ್ಟಿರೋದು. ತಡೆಯಲ್ಲ."

"ಮತ್ತೆ?"

"ಇನ್ನೆರಡು ಸಾಲು ಆಗೋವರೆಗೂ ಅವರು ಹಂಗೇ ಇರ್ಬೇಕು."

ಒಳಗಿನಿಂದ ಕದರಯ್ಯನೇ ಹೇಳಿದ, ಹಲ್ಲು ಕಚ್ಚಿ. "ಗೂಟ ಹೊಡಿಲಾ ಕಾಂತ. ನಿಂತ್ಕಂಡು ಏನ್ ನೋಡ್ತೀಯ, ನನ್ ತಿಥೀನಾ?"

ಕಾಂತೇಶ್ ಹೊಡೆದ. ಅವನು ಜೀವನದಲ್ಲಿ ಮಾಡಿದ ಕೆಟ್ಟ ಕೆಲಸವೆಂದರೆ ಅದೇ. ಒಂದೊಂದು ಹೊಡೆತಕ್ಕೂ ಬಂಡೆ ಅದುರುತ್ತಿತ್ತು. ಬಂಡೆ ಅದುರಿದಾಗಲೆಲ್ಲ ಒಳಗೆ ಮುದುಕ ಅರಚುತ್ತಿದ್ದ. ಅರಚಾಟ ಕೇಳಿ ಕೈ ನಿಲ್ಲಿಸಿದರೆ ಒಳಗಿನಿಂದ ಬೈಗುಳ ಬರುತ್ತಿತ್ತು. ಮಂಜುಶ್ರೀ ಉಳಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಉಳಿ ಮಾತ್ರ ಅಲುಗಾಡಲಿಲ್ಲ. ಚೆನ್ನಮ್ಮ ಸೀರೆಯ ಸೆರಗನ್ನು ಮುದುಕನ ಕಾಲಿನ ಮೇಲೆ ಹೊದಿಸಿ, ಹಿಮ್ಮಡಿ ಹಿಡಿದು ಕೂತಿದ್ದಳು. ಅವನ ಮೈಯಲ್ಲಿ ಹೊರಗಿದ್ದದ್ದು ಅದೊಂದೇ.

"ಇನ್ನೆಷ್ಟು ಆಳ ಐತ್ಲಾ?"

"ಆಯ್ತು ಪೂಜಾರಪ್ಪ, ಆಯ್ತು."

"ಸುಳ್ಳ ನನ್ಮಗ."

ಎರಡನೆಯ ರೋಪು ಬಿಗಿಯಾಯಿತು, ಮೂರನೆಯ ಗೂಟವೂ ಕೂತಿತು. ಮೂರನೆಯ ರೋಪು? ಅದು ಕೊರಕಲಿನ ತಳದಲ್ಲಿತ್ತು, ಲಾರಿ ಗಂಟಿನ ಕೃಪೆಯಿಂದ. ಕಾಂತೇಶ್ ಸುತ್ತ ನೋಡಿದ. ಆಮೇಲೆ ತನ್ನ ಚೈನ್ ಬ್ಲಾಕನ್ನೇ ಎತ್ತಿಕೊಂಡ. ಗ್ಯಾರೇಜಿನಲ್ಲಿ ಅದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿರಲಿಲ್ಲ. ಅದಿಲ್ಲದೆ ಒಂದು ಆಟೋವನ್ನೂ ಹಳ್ಳದಿಂದ ಎತ್ತಲಾರ. ಅದರ ಒಂದು ಕೊಕ್ಕೆಯನ್ನು ನಿಲುಬಂಡೆಗೆ ಸುತ್ತಿದ ರೋಪಿನ ತುದಿಗೆ ಹಾಕಿದ. ಇನ್ನೊಂದನ್ನು ಮೂರನೆಯ ಗೂಟಕ್ಕೆ ಸಿಕ್ಕಿಸಿದ. ಸರಪಣಿ ಎಳೆದೂ ಎಳೆದೂ ಬಿಗಿದ. ಗುಂಡಿನ ಮೂತಿಗೆ ಮೂರು ಸಾಲಿನ ಬೇಲಿ ಸಿದ್ಧವಾಯಿತು. ಇಷ್ಟು ದೊಡ್ಡ ಕಲ್ಲಿನ ಮುಂದೆ ಅದು ಬಟ್ಟೆ ಒಣಹಾಕುವ ತಂತಿಯ ಹಾಗೆ ಕಾಣುತ್ತಿತ್ತು.

"ಅಕ್ಕ, ಕಾಲು ಹಿಡ್ಕಂಡು ಎಳೀಬೇಕು. ನಾ ಅಂದಾಗ. ಮೇಡಂ, ನೀವೂ."

ಜಾಕಿ ಒತ್ತಿದ. ಒತ್ತಿದ. ಗುಂಡಿನ ತುಟಿ ಕೂದಲೆಳೆಯಷ್ಟು ಎದ್ದಿತು.

"ಎಳೀರಿ!"

ಇಬ್ಬರೂ ಎಳೆದರು. ಕದರಯ್ಯ ಹೊರಗೆ ಬಂದ. ಬೆರಳುಗಳು ಬರಲಿಲ್ಲ.

ಜಾಕಿ ಸಿಡಿದು ಹಾರಿತು. ಗುಂಡು ಜಾರಿತು.

ಮೊದಲ ರೋಪು ಕುಯ್ಯೆಂದು ಕೂಗಿತು. ಎರಡನೆಯದರ ಕ್ಲಾಂಪು ಕಿಡಿ ಹಾರಿಸುತ್ತಾ ಸರಿಯಿತು. ಸರಪಣಿ ಟಣಟಣ ಬಿಗಿದುಕೊಂಡಿತು. ಗೂಟಗಳು ಬಾಗಿದವು. ಗುಂಡು ಒಂದು ಗೇಣು ಬಂತು, ಇನ್ನೊಂದು ಗೇಣು ಬಂತು. ಅಡಿಗೆ ತುಂಬಿದ ನೂರಾರು ಕಲ್ಲುಗಳು ಕರಕರ ಪುಡಿಯಾಗುತ್ತಾ ಒತ್ತಿಕೊಂಡವು. ನಿಂತಿತು.

ನಿಂತೇ ಬಿಟ್ಟಿತು!

ಆದರೆ ನಿಂತ ಹೊಡೆತಕ್ಕೆ ಮೂತಿಯ ಒಂದು ಚಪ್ಪಡಿ ಚಟಾರೆಂದು ಬಿಟ್ಟುಕೊಂಡಿತು. ಬಾಗಿಲಿನಷ್ಟು ಅಗಲದ ಚಪ್ಪಡಿ. ಬೇಲಿಯ ಮೇಲಿಂದ ಉರುಳಿ, ನೆಗೆದು, ಮತ್ತೆ ನೆಗೆದು ಹೋಯಿತು. ಚೆನ್ನಮ್ಮ ಎದ್ದು ನಿಂತು ಅದು ಹೋಗುವ ದಾರಿಯನ್ನೇ ನೋಡಿದಳು. ಊರಿನ ಅಷ್ಟೂ ಮನೆಗಳಿದ್ದವು. ಅದು ನೀಲಿ ಬಾಗಿಲನ್ನೇ ಹುಡುಕಿಕೊಂಡು ಹೋಯಿತು. ಹೆಂಚು ಹಾರಿದ್ದು ಕಂಡಿತು. ಸದ್ದು ಆಮೇಲೆ ಬಂತು. ಅಂಗಳದ ಹಸು ಅರಚಲೂ ಇಲ್ಲ.

ಕಾಂತೇಶ್ ಅಕ್ಕನ ಭುಜ ಹಿಡಿದ. ಅವಳು ಕೊಡವಿಕೊಂಡಳು. ಸೆರಗನ್ನು ಪರ್ರನೆ ಹರಿದು ಕದರಯ್ಯನ ಕೈಗೆ ಸುತ್ತತೊಡಗಿದಳು. "ಬಿಗಿಯಾಗಿ ಹಿಡ್ಕಳ್ಲಾ," ಎಂದಳು. "ರಕ್ತ ನಿಲ್ತಾಯಿಲ್ಲ."

ಹಿಂತಿರುಗಿದ ದಾರಿಯನ್ನು ಕಾಂತೇಶ್ ಈಗಲೂ ಮರೆತಿಲ್ಲ. ಊರಿನ ಕಡೆ ಇಳಿದರೆ ಕೋಡಿ ನೀರು, ಆಸ್ಪತ್ರೆಗೆ ದಾರಿಯಿಲ್ಲ. ಮಂಜುಶ್ರೀಯ ಹಗ್ಗದಲ್ಲಿ ಜೋಲಿ ಹೆಣೆದು, ಮುದುಕನನ್ನು ಅದರಲ್ಲಿ ಮಲಗಿಸಿ, ಮತ್ತೆ ನೆತ್ತಿ ದಾಟಿದರು. ನುಣುಪು ಬಂಡೆಯ ಮೇಲಿನಿಂದ ಜೋಲಿಯನ್ನು ಕೆಳಗೆ ಬಿಡುವಾಗ ಗಂಟನ್ನು ದಯಾನಂದ ಹಾಕಿದರು. ಕಾಂತೇಶ್ ಮೂರು ಸಲ ಎಳೆದು ನೋಡಿದ. ಕದರಯ್ಯನಿಗೆ ಒಮ್ಮೆ ಎಚ್ಚರ, ಒಮ್ಮೆ ಮಂಪರು. ಎಚ್ಚರವಾದಾಗ ದಯಾನಂದರ ಮೊಂಡು ಬೆರಳು ಅವನ ಕಣ್ಣಿಗೆ ಬಿತ್ತು.

"ನಿಮ್ವು ಎಲ್ಲೋದ್ವು ಸ್ವಾಮಿ?"

"ಹಿಮಕ್ಕೆ ಹೋದ್ವು ಯಜಮಾನ್ರೇ."

"ನಿಮ್ವು ಹಿಮಕ್ಕೆ, ನಮ್ವು ಅಯ್ಯಂಗೆ," ಎಂದು ಕಣ್ಣು ಮುಚ್ಚಿದ.

ಬೆಳಕಿರುವಾಗಲೇ ವ್ಯಾನು ಮುಟ್ಟಿದರು. ಕದರಯ್ಯ ಬದುಕಿಕೊಂಡ. ಕೈಯನ್ನು ಮಣಿಕಟ್ಟಿನವರೆಗೆ ತೆಗೆಯಬೇಕಾಯಿತು.

ನೀರಿಳಿದ ಮೇಲೆ ಕಲ್ಲುಪಾಳ್ಯದವರು ಏನಂದರು ಗೊತ್ತೇ? ಬದುಕಿಸಿದಿರಿ ತಾಯಿ ಎಂದರೇ? ಛೇ! ಕಲ್ಲುಮನೆ ಕೆಡವಿದಳಲ್ಲ, ಅದಕ್ಕೇ ಅವಳ ಮನೆ ಹೋಯಿತು ಎಂದರು. ಮಕ್ಕಳನ್ನು ಇಟ್ಟುಕೊಂಡಿದ್ದ ನಿಂಗಮ್ಮನೂ ಅಂದಳು. ಅವತ್ತು ನೂರಾರು ಕಲ್ಲುಮನೆ ಕೆಡವಿದ್ದರು. ನರ್ಸಮ್ಮನ ಮನೆ ಗುಬ್ಬಿಯಲ್ಲಿ ನಿಂತೇ ಇತ್ತು. ಗುಂಡಯ್ಯನ ಹೋಟೆಲು ಬಟವಾಡಿಯಲ್ಲಿ ನಡೆದೇ ಇತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಂತೇಶನಿಗೆ ಒಬ್ಬೊಬ್ಬರ ಕಪಾಳಕ್ಕೂ ಬಾರಿಸುವಷ್ಟು ಸಿಟ್ಟು ಬಂತು. ಚೆನ್ನಮ್ಮ ಮಕ್ಕಳ ಕೈ ಹಿಡಿದು ಶಾಲೆಯ ಜಗಲಿಗೆ ಇರಲು ಹೋದಳು.

ಕಾರ್ತಿಕದ ಒಂದು ಸೋಮವಾರ ಕಾಂತೇಶ್ ಕ್ಲಾಂಪು ಬಿಗಿಯಲು ಬೆಟ್ಟ ಹತ್ತಿದ. ಗುಂಡು ಬೇಲಿಗೆ ಹಣೆಯೊತ್ತಿ ಹಾಗೇ ನಿಂತಿತ್ತು. ಅವನ ಚೈನ್ ಬ್ಲಾಕು ಆಗಲೇ ತುಕ್ಕು ಹಿಡಿಯತೊಡಗಿತ್ತು. ಅದರ ಮುಂದೆ ಕದರಯ್ಯ ಎಡಗೈಯಲ್ಲಿ ಕೋಲು ಹಿಡಿದು ಕೂತಿದ್ದ. ಊರ ಹೊರಗಿನಿಂದ ಬಂದ ಗಂಡ ಹೆಂಡಿರಿಬ್ಬರು ಗುಂಡಿನ ಅಡಿಯ ಕಲ್ಲು ಕೀಳಲು ಬಾಗಿದ್ದರು.

"ತಗಳಿ, ತಗಳಿ," ಎಂದ ಕದರಯ್ಯ. "ನನ್ನ ಬೆರಳೂ ಅಲ್ಲೇ ಅವೆ. ಅವನ್ನೂ ತಗಂಡೋಗಿ ಮನೆ ಕಟ್ಕಳಿ."

ಮೊಂಡುಗೈ ಎತ್ತಿ ತೋರಿಸಿದ. ಅವರು ಹಣ್ಣುಕಾಯಿಯನ್ನೂ ಬಿಟ್ಟು ಓಡಿದರು.

ಅವರು ಹೋದ ಮೇಲೆ ಚೆನ್ನಮ್ಮ ತಲೆಯ ಮೇಲೆ ಕುಕ್ಕೆ ಹೊತ್ತು ಬಂದಳು. ಮುದುಕ ಕೋಲು ಎತ್ತಿದ. "ಏನವ್ವ ಅದು?"

"ಇಟ್ಟಿಗೆ ಚೂರು. ನನ್ ಗೋಡೇದು. ಅಯ್ಯನ ಅಡೀದಲ್ಲ."

ಕದರಯ್ಯ ಕೋಲು ಕೆಳಗಿಟ್ಟ. ಅವಳು ಮೆಟ್ಟಿಲ ಪಕ್ಕ ಅದೇ ಜಾಗದಲ್ಲಿ ಕೂತು ಒಂದರ ಮೇಲೊಂದು ಪೇರಿಸಿದಳು. ಕೊನೆಯದು ಜಾರಿತು. ಮುದುಕ ಎಡಗೈ ಚಾಚಿ, ಅವಳು ಸರಿಯಾಗಿ ಕೂರಿಸುವವರೆಗೂ ಹಿಡಿದುಕೊಂಡ. ಅವಳು ಅದಕ್ಕೆ ಅಂಟಿಕೊಂಡಂತೆ ಪಕ್ಕದಲ್ಲೇ ಇನ್ನೊಂದನ್ನು ಪೇರಿಸತೊಡಗಿದಳು.

"ಅದ್ಯಾಕಕ್ಕ ಎರಡು?" ಎಂದ ಕಾಂತೇಶ್, ಸ್ಪ್ಯಾನರ್ ಹಿಡಿದೇ.

"ಹೋದ್ಸಲ ಒಂದೇ ರೂಮು ಕೇಳ್ಕಂಡಿದ್ದೆ ಕಣೋ. ಮಕ್ಳು ದೊಡ್ಡೋರಾದ್ರು. ನೀನು ಆ ನಟ್ಟು ಸರಿಯಾಗಿ ಬಿಗಿ."